ಕೊನೆಯ ರೀಲು ಇಲ್ಲದ ಚಿತ್ರ

ಮುದ್ದಪ್ಪನಿಗೆ ಓದು ಬಾರದು, ಮಾತು ಮಾತ್ರ ಬೇಕಾದಷ್ಟು ಬರುತ್ತಿತ್ತು. ಕುರಿ ಮಾರಿ ಹೊಸದುರ್ಗದ ಟೆಂಟ್ ಸಿನಿಮಾಕ್ಕೆ ಸೇರಿದವನಿಗೆ ಚಿಕ್ಕಜಾಜೂರಿಗೆ ರೈಲಿನಲ್ಲಿ ಬರುವ ಚಿತ್ರದ ಪೆಟ್ಟಿಗೆ ತರುವ ಕೆಲಸ. ಎಪ್ಪತ್ತರ ದಶಕದಲ್ಲಿ ಆ ಪೆಟ್ಟಿಗೆ ಹೇಳಿದ ದಿನ ಬಂದರೆ ಪುಣ್ಯ. ಬಾರದ ದಿನ ಮಾಲೀಕ ಗುಜರಿಯಲ್ಲಿ ಕೊಂಡಿದ್ದ ಹಳೆಯ ಮೂಕಿ ಚಿತ್ರ ಹಾಕಿಸುತ್ತಿದ್ದ. ಪರದೆಯ ಪಕ್ಕ ನಿಂತು ಎಲ್ಲರ ಮಾತನ್ನೂ ಮುದ್ದಪ್ಪನೇ ಆಡಬೇಕು.

ಆ ಚಿತ್ರದಲ್ಲಿ ಜಮೀನ್ದಾರನ ಮಗ ಕುರಿ ಕಾಯುವ ಹುಡುಗಿಯನ್ನು ಮದುವೆಯಾಗಿ ಮನೆಗೆ ಕರೆತರುತ್ತಾನೆ. ಅಪ್ಪ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಅಲ್ಲಿಗೆ ಚಿತ್ರ ನಿಂತುಹೋಗುತ್ತಿತ್ತು; ಕೊನೆಯ ರೀಲು ಗುಜರಿಯವನ ಹತ್ತಿರವೂ ಇರಲಿಲ್ಲ. ಹಾಗಂತ ಜನ ಬಿಡುತ್ತಾರೆಯೇ? ಬಿಳಿ ಪರದೆಯ ಮುಂದೆ ಮುದ್ದಪ್ಪ ದನಿ ತಗ್ಗಿಸಿ, "ಬಾ ತಾಯಿ, ಬಲಗಾಲಿಟ್ಟು ಒಳಕ್ಕೆ ಬಾ" ಎಂದು ಆ ಮಾವನನ್ನು ಕರಗಿಸಿಬಿಡುತ್ತಿದ್ದ. ಹೆಂಗಸರು ಕಣ್ಣೊರೆಸಿಕೊಂಡು ಏಳುತ್ತಿದ್ದರು. ಮುಂದುಗಡೆ ಮರಳಿನ ಮೇಲೆ ಕೂತು ಅದನ್ನು ಕೇಳುತ್ತಲೇ ಬೆಳೆದವಳು ಅವನ ಮಗಳು ಚಿತ್ತಮ್ಮ.

ತೆಂಗಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ ಅವಳನ್ನು ತೋಟದ ಯಜಮಾನರಾದ ಮೂಡಲಗಿರಿಯಪ್ಪನವರ ಮಗ ಏಕಾಂತಪ್ಪ ಇಷ್ಟಪಟ್ಟ. ಹೊರಕೆರೆದೇವಪುರದ ದೇವಸ್ಥಾನದಲ್ಲಿ ತಾಳಿ ಕಟ್ಟಿ ನೇರ ಮನೆಗೆ ಕರೆದೊಯ್ಯುವುದೆಂದು ಇಬ್ಬರೂ ಮಾತಾಡಿಕೊಂಡರು. ಮುದ್ದಪ್ಪ ಬೇಡವೆಂದ.

"ಬಾಗ್ಲಿಗೆ ಬಂದ ಸೊಸೇನ ಯಾರಾದ್ರೂ ವಾಪಸ್ ಕಳಿಸ್ತಾರೇನಪ್ಪ? ನೀನೇ ಹೇಳ್ತೀಯಲ್ಲ."

"ಅದು ನಾನೇ ಕಟ್ಟಿ ಹೇಳಿದ್ದು ಕಣವ್ವ. ಆ ರೀಲು ನಾನೂ ನೋಡಿಲ್ಲ."

ಅವಳು ನಂಬಲಿಲ್ಲ. ಅಷ್ಟು ಚೆನ್ನಾಗಿ ಹೇಳುತ್ತಿದ್ದನಲ್ಲ, ಯಾರು ತಾನೇ ನಂಬುತ್ತಾರೆ?

ತಾಳಿ ಕಟ್ಟಿಸಿಕೊಂಡು ಬಂದವಳನ್ನು ಮೂಡಲಗಿರಿಯಪ್ಪನವರು ಬಯ್ಯಲಿಲ್ಲ. ಅವಳತ್ತ ನೋಡಲೂ ಇಲ್ಲ. "ನಿಮ್ಮವ್ವಗೆ ಹುಷಾರಿಲ್ಲ, ಒಳಕ್ಕೆ ಬಾ" ಎಂದು ಮಗನನ್ನಷ್ಟೇ ಕರೆದರು. ಏಕಾಂತಪ್ಪ ಹೋದ. ಹೋದವನು ಹೊರಗೆ ಬರಲೇ ಇಲ್ಲ. ಅಂಥ ಗಂಡಿಗೆ ಏನೆನ್ನಬೇಕೋ, ಬರೆಯುವಂಥ ಮಾತು ನನ್ನಲ್ಲಿಲ್ಲ. ಚಿತ್ತಮ್ಮ ಹೊತ್ತಿಳಿಯುವವರೆಗೆ ಜಗುಲಿಯ ಕೆಳಗೆ ನಿಂತಿದ್ದಳು.

ಸುದ್ದಿ ಕೇಳಿ ಮುದ್ದಪ್ಪ ಓಡಿಬಂದ. ಪರದೆಯ ಮೇಲಿನವರಿಗೆಲ್ಲ ಬಾಯಾಗಿದ್ದವನು ಕೈಮುಗಿದು "ಬುದ್ಧೀ" ಎಂದ. ಅಷ್ಟೇ. ಮೂಡಲಗಿರಿಯಪ್ಪನವರು ಬಾಗಿಲು ಹಾಕಿಕೊಂಡರು.

"ನಡಿಯವ್ವ, ಹೋಗಾಣ" ಎಂದು ಮಗಳ ಕೈ ಹಿಡಿದ.

ತಮ್ಮ ಹಟ್ಟಿಯವರಿಗೆ ಮುಖ ತೋರಿಸಲಾರದೆ ಅವಳು ಟೆಂಟಿನಲ್ಲೇ ಉಳಿದಳು. ಕೆಲವೇ ದಿನಗಳಲ್ಲಿ ಪೆಟ್ಟಿಗೆಗೆ ಮತ್ತೆ ರೈಲು ತಪ್ಪಿತು. ಮಾಲೀಕ ಅದೇ ಚಿತ್ರ ಹಾಕಿಸಿದ. ಮುದ್ದಪ್ಪ ಹೇಗೋ ಬಾಗಿಲವರೆಗೆ ಮಾತಾಡಿಕೊಂಡು ಬಂದ. ಪರದೆ ಬಿಳಿಯಾಯಿತು.

ಜನ ಸಿಳ್ಳೆ ಹಾಕಿದರು. "ಮುಂದ್ಕೆ ಹೇಳಪ್ಪ, ಒಳಕ್ಕೆ ಕರ್ಕಂಡ್ರಾ ಇಲ್ವಾ?" ಎಂದು ಯಾರೋ ಕೂಗಿದರು.

ಮುದ್ದಪ್ಪ ತುಟಿ ಅಲ್ಲಾಡಿಸಿದ. ದನಿ ಬರಲಿಲ್ಲ. ಆಗ ಮರಳಿನ ಮೇಲೆ ಕೂತಿದ್ದ ಚಿತ್ತಮ್ಮ ತಲೆಯೆತ್ತದೆ ಹೇಳಿದಳು:

"ಒಳಕ್ಕೆ ಕರೆದ್ರು ಅಂತ ಹೇಳಪ್ಪ. ಪಾಪ, ಜನ ಮನೆಗೆ ಹೋಗ್ಬೇಕು."

ಮುದ್ದಪ್ಪ ಹೇಳಿದ. ಹೆಂಗಸರು ಕಣ್ಣೊರೆಸಿಕೊಂಡು ಎದ್ದರು.