ಧರ್ಮಪಾಲಣ್ಣನ ಬಲಪಕ್ಕೆ

ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಯಾರಾದರೂ ಹೊಟ್ಟೆ ಹಿಡಿದುಕೊಂಡರೆ ಸಾಕು, ಬೇಲಾಪುರದ ಆಫೀಸು ಕ್ಯಾಂಟೀನಿನ ಮ್ಯಾನೇಜರ್ ಧರ್ಮಪಾಲಣ್ಣನಿಗೆ ಹುರುಪೋ ಹುರುಪು. “ಬಲಗಡೆ, ಪಕ್ಕೆಲುಬಿನ ಕೆಳಗಾ ಮಾರಾಯ್ರೆ? ವಡೆ ತಿಂದ ಮೇಲೆ ಜಾಸ್ತಿಯಾದ್ರೆ ಪಿತ್ತಕೋಶದ ಕಲ್ಲಿರ್ಬಹುದು. ಕಣ್ಣು ಹಳದಿಯಾದ್ರೆ ಲಿವರ್ ನೋಡ್ಬೇಕು. ಜ್ವರ ಉಂಟಾ? ಹಾಗಾದ್ರೆ ಇವತ್ತೇ ಡಾಕ್ಟ್ರ ಹತ್ರ ಹೋಗಿ!” ಹೀಗೆ ರೈಲು ಠಾಣೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ಅರ್ಧ ಡಬ್ಬಿಯ ಪ್ರಯಾಣಿಕರನ್ನು ಆಸ್ಪತ್ರೆಗೆ ಅಟ್ಟಿರುತ್ತಾರೆ. ಅವರನ್ನು ಕಂಡರೆ ವಡಾಪಾವ್ ತಿನ್ನುವವರು ಪೊಟ್ಟಣ ಬಚ್ಚಿಡುತ್ತಾರೆ. ಇಷ್ಟೆಲ್ಲ ಹೇಳುವಾಗ ಅವರ ಕೈ ತಮ್ಮದೇ ಬಲಪಕ್ಕೆಯನ್ನು ಒತ್ತಿಕೊಂಡಿರುತ್ತದೆ. ಕೇಳಿದರೆ, “ನಂದಾ? ಅದು ರೈಲಿನ ಗರ್ದಿಯ ನೂಕಾಟದಲ್ಲಿ ಯಾರದ್ದೋ ಮೊಣಕೈ ತಾಗಿದ್ದು” ಎಂದು ನಗುತ್ತಾರೆ. ಹೆಂಡತಿ ಲೋಲಾಕ್ಷಿ ಮಾತ್ರ ನಗುವುದಿಲ್ಲ. ಭಾನುವಾರ ಧರ್ಮಪಾಲಣ್ಣ ಮನೆಯ ಸೋಫಾದಲ್ಲಿ ಒಬ್ಬರೇ ಕೂತಿದ್ದಾಗಲೂ ಆ ಕೈ ಅಲ್ಲೇ ಇರುತ್ತದೆ.