ಹಸಿ ರೊಟ್ಟಿ ಬಣ್ಣ, ಬೆಂದ ರೊಟ್ಟಿ ಬಣ್ಣ

ಬಿಳಿಯಲ್ಲಿ ಎಷ್ಟು ಬಗೆ ಎಂದು ಕೇಳಿದರೆ ನಾನು ತಡವರಿಸದೆ ಎಂಟು ಹೇಳಬಲ್ಲೆ. ಯಾರೂ ಕೇಳುವುದಿಲ್ಲ. ಯಾದಗಿರಿಯ ಕಾನ್ವೆಂಟಿನಲ್ಲಿ ಡ್ರಾಯಿಂಗ್ ಸಿಸ್ಟರ್ ಕಲಿಸಿದ ಈ ವಿದ್ಯೆ ಶಹಾಪುರದ ಅತ್ತೆಮನೆಯಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಬಿದ್ದಿತ್ತು. ಇಲ್ಲಿ ಬಣ್ಣವೇನಿದ್ದರೂ ಅತ್ತೆಯವರ ಆಯ್ಕೆ: ಪರದೆ, ಬೆಡ್‌ಶೀಟು, ನನ್ನ ಸೀರೆ. ಈ ಸಲ ಮನೆಗೆ ಬಣ್ಣ ಬಳಿಸುವಾಗ ಪಡಸಾಲೆಯ ಗೋಡೆಯಾದರೂ ನನ್ನದಾಗಬೇಕೆಂದು ಹಠ ಹಿಡಿದೆ.

ನನ್ನದು ದಂತದ ಬಿಳಿ, ಅತ್ತೆಯವರದು ಗೋಧಿ ಬಣ್ಣ. ಪೇಂಟರ್ ಖಾಜಾಸಾಬ್ ಎರಡನ್ನೂ ಅಕ್ಕಪಕ್ಕ ತಟ್ಟೆಯಗಲ ಬಳಿದ. ನಾನು ಬೆಳಗಿನ ಬಿಸಿಲಿನಲ್ಲಿ ನೋಡಿದೆ, ಮಧ್ಯಾಹ್ನ ಕಿಟಕಿ ಮುಚ್ಚಿ ನೋಡಿದೆ, ಟ್ಯೂಬ್‌ಲೈಟು ಹಚ್ಚಿ ನೋಡಿದೆ. ನನ್ನವರು ಒಮ್ಮೆ ನೋಡಿ, ಎರಡೂ ಒಂದೇ ಎಂದು ಹೇಳಿ ಅಂಗಡಿಗೆ ಹೋದರು.

ಅತ್ತೆಯವರು ಒಪ್ಪಲಿಲ್ಲ. "ಒಂದ ಹೆಂಗ ಆಗ್ತಾವ? ಇಕಿದು ಹಸಿ ರೊಟ್ಟಿ, ನಂದು ಬೆಂದ ರೊಟ್ಟಿ. ಇವ್ರ ತಲಿ ಎಣ್ಣಿ ಯಾವುದು ತಡೀತದ, ಮೊದ್ಲ ಅದನ್ನ ಹೇಳ್ರಿ."

ಇವ್ರು ಎಂದರೆ ಮಾವನವರು. ಭೀಮರಾಯನಗುಡಿಯ ಕಚೇರಿಯಿಂದ ನಿವೃತ್ತರಾದ ಮೇಲೆ, ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಪಡಸಾಲೆಯ ಗೋಡೆಗೆ ತಲೆಯಾನಿಸಿ ಪೇಪರ್ ಓದುವುದೇ ಅವರ ನೌಕರಿ. ರಜೆ ಹಾಕುವುದಿಲ್ಲ. ಸಿಸ್ಟರ್ ನಮಗೆ ಗೆರೆ ದಾಟದೆ ಬಣ್ಣ ತುಂಬುವುದನ್ನು ಕಲಿಸಿದ್ದರು; ಮಾವನವರ ತಲೆಯ ಬಗ್ಗೆ ಏನೂ ಹೇಳಿರಲಿಲ್ಲ.

ಖಾಜಾಸಾಬ್ ನ್ಯಾಯ ಹೇಳಿದ. "ಸಾಹೇಬ್ರು ನಾಕ್ ದಿನ ದೊಡ್ಡಮ್ಮಾರ ಬಣ್ಣಕ್ಕ ತಲಿ ಕೊಡ್ಲಿ, ನಾಕ್ ದಿನ ಸಣ್ಣಮ್ಮಾರ ಬಣ್ಣಕ್ಕ. ಆಮ್ಯಾಗ ಫೈಸಲಾ ಮಾಡೂಣು."

ಮಾವನವರು ಪೇಪರ್ ಇಳಿಸದೆ, "ಮೊದ್ಲ ಎಡಕ್ಕ ಕುಂದರ್ಲೋ, ಬಲಕ್ಕೋ?" ಎಂದರು.

ಎಂಟನೆಯ ದಿನ ಎಲ್ಲರೂ ಗೋಡೆಯ ಮುಂದೆ ನಿಂತೆವು. ಅತ್ತೆಯವರ ಗೋಧಿ ಬಣ್ಣ ಸೀದ ರೊಟ್ಟಿಯಂತಾಗಿತ್ತು. ನನ್ನ ದಂತದ ಬಿಳಿ, ನಿಮ್ಮಾಣೆ, ಥೇಟು ಗೋಧಿ ಬಣ್ಣಕ್ಕೆ ತಿರುಗಿತ್ತು.

ಅತ್ತೆಯವರು ಬಹಳ ಹೊತ್ತು ನೋಡಿದರು. "ಇಕಿದೇ ಬಳಿಯೋ ಖಾಜಾ," ಎಂದರು. "ಹೆಂಗೂ ನಂದಾಗ್ತದ."

ಈಗ ಪಡಸಾಲೆ ನನ್ನ ಬಣ್ಣದ್ದು. ಮಾವನವರ ಕುರ್ಚಿಯ ಹಿಂದೆ ಮಾತ್ರ, ತಲೆಯಷ್ಟಗಲ, ಅತ್ತೆಯವರದು. ಅದು ದಿನದಿನಕ್ಕೂ ಬೆಳೆಯುತ್ತಿದೆ.

ಮದುವೆಯಾದ ಹೊಸದರಲ್ಲಿ ನಾನು ಸಿಸ್ಟರ್ ಕಲಿಸಿದಂತೆ, ಮಾವನವರ ಎದುರು ಹೋಗಿ ನಿಂತು, "ದಯವಿಟ್ಟು ಸ್ವಲ್ಪ ಸರಿಯುತ್ತೀರಾ?" ಎನ್ನುತ್ತಿದ್ದೆ. ನಿನ್ನೆ ಅಡುಗೆಮನೆಯಿಂದಲೇ ಕೂಗಿದೆ: "ಮಾವಾರ, ತಲಿ ಈ ಕಡಿ ಸರಸ್ರಿ!"

ಅತ್ತೆಯವರು ಹಂಚಿನ ಮೇಲಿನ ರೊಟ್ಟಿ ಬಿಟ್ಟು ನನ್ನನ್ನೇ ನೋಡಿದರು.

"ಈಗ ಬೆಂದಿ ನೋಡವಾ," ಎಂದರು.