ಎಮ್ಮೆಗಳ ಕಾಲಡಿಗೆ ಹಾಸಿದ ಮನೆ

ಚಿಬಾಯಿಶ್ ಊರಿನ ಕಡೆಯ ಜೌಗಿನಲ್ಲಿ, ಜೊಂಡಿನ ಮೇಲೆ ಜೊಂಡು ಹಾಸಿ ನೀರಿಗಿಂತ ಎತ್ತರಕ್ಕೆ ಎಬ್ಬಿಸಿದ ದಿಬ್ಬದ ಮೇಲೆ ನಶ್ಮಿಯಾಳ ಮನೆ. ಮನೆಯೂ ಜೊಂಡಿನದೇ. ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ಅದೇ ದಿಬ್ಬದ ತಗ್ಗಿನ ಗುಡಿಸಲಲ್ಲಿ ಮೈದುನ ಮುತಶ್ಶರ್ ಇದ್ದ. ಅವನ ಹೆಂಡತಿಯೂ ತೀರಿಹೋಗಿ ವರ್ಷಗಳಾಗಿದ್ದವು. ಬೆಳಿಗ್ಗೆ ಎಮ್ಮೆಗಳನ್ನು ನೀರಿಗೆ ಬಿಡುವುದು, ಸಂಜೆ ಹೆಸರು ಹಿಡಿದು ಕೂಗುವುದು, ಕೆನೆ ಕಟ್ಟಿಸಿ ಪೇಟೆಗೆ ಕಳಿಸುವುದು, ನಡುನಡುವೆ ಇಬ್ಬರೂ ಜಗಳವಾಡುವುದು. ಹೀಗೆ ನಡೆದಿತ್ತು ಬದುಕು.

ಆ ಚಳಿಗಾಲದಲ್ಲಿ ಮೇಲಿನ ಸೀಮೆಯ ಮಳೆಯೆಲ್ಲ ಒಟ್ಟಿಗೇ ಇಳಿದು ಬಂತು. ಮೊದಲು ಮುತಶ್ಶರನ ಗುಡಿಸಲು ಕೊಚ್ಚಿಹೋಯಿತು. ಬೆನ್ನಿಗೇ, ಜನರನ್ನು ದೂರದ ಮಣ್ಣಿನ ಏರಿಗೆ ಸಾಗಿಸಲು ಸರ್ಕಾರದ ದೋಣಿ ಬಂತು.

"ಜನ ಮಾತ್ರ ಹತ್ತಿ," ಅಂದ ದೋಣಿಯವನು.

"ಮತ್ತೆ ಇವು?" ನಶ್ಮಿಯಾ ಎಮ್ಮೆಗಳತ್ತ ಕೈ ತೋರಿಸಿದಳು.

"ತಾಯಿ, ಇದು ದೋಣಿ, ಕೊಟ್ಟಿಗೆ ಅಲ್ಲ."

"ಹಾಗಾದ್ರೆ ನಾನು ಬರಲ್ಲ. ಹೋಗ್ಬನ್ನಿ."

ದೋಣಿಯೊಳಗೆ ಒಂದು ಕಾಲಿಟ್ಟಿದ್ದ ಮುತಶ್ಶರ್ ಗೊಣಗುತ್ತ ಕಾಲು ಹಿಂದೆ ತೆಗೆದ. "ನಿಮ್ಮನ್ನ ಇಲ್ಲಿ ಬಿಟ್ಟು ಹೋದ್ರೆ ಏರಿ ಮೇಲಿರೋ ಹೆಂಗಸರು ಸಾಯೋ ತನಕ ನನ್ನ ಆಡ್ಕೋತಾರೆ, ಅತ್ತಿಗೆ."

"ಅವರ ಬಾಯಿಗೆ ಹೆದರಿ ಉಳಿದೆ ಅನ್ನು."

"ಮತ್ತೆ, ನಿಮ್ಮ ಚಂದ ನೋಡಿ ಉಳಿದೆ ಅಂದ್ಕೊಂಡ್ರಾ?"

ಎಮ್ಮೆಗಳಿಗೆ ಈಜು ಬರುತ್ತದೆ, ನಿಜ. ಆದರೆ ಏರಿ ಬಹಳ ದೂರ, ಗಾಳಿ ಎದುರು. ನೆರೆಯವರು ಬಿಟ್ಟ ಮಂದೆ ಸೆಳವಿಗೆ ಸಿಕ್ಕಿ ಕಣ್ಣೆದುರೇ ಚೆದುರಿಹೋಗಿತ್ತು. ಇವಳ ಎಮ್ಮೆಗಳಲ್ಲಿ ಎರಡು ತುಂಬು ಗಬ್ಬ. ನಶ್ಮಿಯಾ ಅವನ್ನು ಬಿಡಲಿಲ್ಲ.

ಹಾಸಿನಡಿಯಿಂದ ನೀರು ಒಸರತೊಡಗಿತು. ದಿಬ್ಬ ಎತ್ತರಿಸಲು ಜೊಂಡು ಬೇಕು, ಜೊಂಡೆಲ್ಲ ನೀರಡಿ. ತಮ್ಮ ಪುಟ್ಟ ದೋಣಿಯನ್ನು ಆ ಗಾಳಿಗೆ ಇಳಿಸಿದರೆ ಮಗುಚುವುದೇ. ಯಾವ ಕಡೆ ನೋಡಿದರೂ ಕಂದು ನೀರು, ಅದರ ಮೇಲೆ ಬೂದು ಮುಗಿಲು. ಸುತ್ತ ಹತ್ತು ಹೆಜ್ಜೆ ಹಾಕಲೂ ಜಾಗವಿಲ್ಲ. ಎಮ್ಮೆಗಳು ಒಂದಕ್ಕೊಂದು ಒತ್ತಿ ನಿಂತಿದ್ದವು, ಮಲಗಲು ಒಣ ನೆಲವಿರಲಿಲ್ಲ.

ನಶ್ಮಿಯಾ ಎದ್ದು ಮನೆಯ ಗೋಡೆಯ ಹಗ್ಗ ಬಿಚ್ಚತೊಡಗಿದಳು.

"ಅದು ಅಣ್ಣ ಕಟ್ಟಿದ್ದು," ಅಂದ ಮುತಶ್ಶರ್.

"ಗೊತ್ತು. ಆ ತುದಿ ಹಿಡಿ."

ಗೋಡೆಯ ಚಾಪೆ ಹೋಯಿತು, ಸೂರು ಹೋಯಿತು, ಕೊನೆಗೆ ಮನೆ ಹೊತ್ತ ತೊಡೆಗಾತ್ರದ ಜೊಂಡಿನ ಕಮಾನುಗಳನ್ನೂ ಉರುಳಿಸಿ ಹಾಸಿದರು. ಎಮ್ಮೆಗಳು ಒಂದೊಂದಾಗಿ ಮಲಗಿದವು. ಮನೆಯಿಲ್ಲದ ಮನೆಯವರಿಬ್ಬರೂ ಒದ್ದೆ ಕಂಬಳಿ ಹೊದ್ದು ಅವುಗಳ ಹೊಟ್ಟೆಗೆ ಬೆನ್ನು ಕೊಟ್ಟು ಕೂತರು. ಅಕ್ಕಿ, ಹಿಟ್ಟು ಎಲ್ಲ ಎಮ್ಮೆಗಳಿಗೇ ಹೋಯಿತು. ಕೆಚ್ಚಲು ಬತ್ತಿದವು.

ನೀರು ಮತ್ತೂ ಏರಿತು. ಭಾರಕ್ಕೆ ದಿಬ್ಬದ ಒಂದು ಮಗ್ಗುಲು ಕುಸಿಯತೊಡಗಿತು.

"ಒಂದನ್ನ ಇಳಿಸ್ಬೇಕು ಅತ್ತಿಗೆ. ಇಲ್ದಿದ್ರೆ ಎಲ್ಲವೂ ಹೋಗ್ತವೆ."

ನಶ್ಮಿಯಾ ಒಂದೊಂದೇ ಎಮ್ಮೆಯ ಬೆನ್ನು ಸವರುತ್ತ ನಡೆದಳು. ಆಮೇಲೆ ಮಂದೆಯ ಮುಂದಾಳು ವರ್ದಾಳ ಕೊರಳು ಹಿಡಿದಳು. ಎಲ್ಲಕ್ಕಿಂತ ಭಾರ ಅದೇ, ಈಜಿನಲ್ಲಿ ಗಟ್ಟಿಯೂ ಅದೇ. ಅಂಚಿಗೆ ನಡೆಸಿದರೆ ಪ್ರಾಣಿ ಅವಳನ್ನು ನಂಬಿ ನಡೆಯಿತು. ಇಬ್ಬರೂ ಸೇರಿ ನೂಕಿದರು.

ವರ್ದಾ ದೂರ ಹೋಗಲಿಲ್ಲ. ದಿಬ್ಬದ ಸುತ್ತಲೇ ಈಜಿತು. ಅಂಚಿಗೆ ಬಂದು ಗಲ್ಲ ಊರಿ ಅವಳ ಮುಖ ನೋಡಿತು. ಉಳಿದ ಎಮ್ಮೆಗಳು ಅದರತ್ತ ಹೆಜ್ಜೆ ಎತ್ತಿದವು. ಮುತಶ್ಶರ್ ಕೈ ಚಾಚಿ ಅವನ್ನು ತಡೆದು ನಿಂತ. ನಶ್ಮಿಯಾ ಮಂಡಿಯೂರಿ ಆ ಒದ್ದೆ ಗಲ್ಲವನ್ನು ಎರಡೂ ಕೈಯಿಂದ ಆಚೆ ತಳ್ಳಿದಳು. ಅದು ತಿರುಗಿ ಬಂತು. ಮತ್ತೆ ತಳ್ಳಿದಳು. ಹೊತ್ತು ಇಳಿಯುವಷ್ಟರಲ್ಲಿ ಅದರ ಕೂಗು ದೂರವಾಗಿ, ಆಮೇಲೆ ಬರೀ ಗಾಳಿಯ ಸದ್ದು.

ಗಬ್ಬದ ಎಮ್ಮೆಯೊಂದು ಆ ಹಾಸಿನ ಮೇಲೆಯೇ ಈದಿತು. ಕರುವನ್ನು ಮುತಶ್ಶರ್ ತನ್ನ ಅಂಗಿಯಿಂದಲೇ ಒರೆಸಿದ. ನೀರು ನಿಧಾನವಾಗಿ ಇಳಿಯಿತು. ಏರಿ ಮೇಲಿನ ಜನ ಮರಳಿದಾಗ ದಿಬ್ಬದ ಮೇಲೆ ಮನೆ ಇರಲಿಲ್ಲ, ಎಮ್ಮೆಗಳಿದ್ದವು. ನೆರೆಯವರು ತಮ್ಮ ಮಕ್ಕಳಿಗೆ ಅವಳ ಬಳಿಯಿಂದಲೇ ಹಾಲು ಒಯ್ದರು.

ವರ್ದಾಳನ್ನು ಅವಳು ದೋಣಿಯಲ್ಲಿ ಊರೂರು ಹುಡುಕಿದಳು. ಹಿಂಡು ಕಂಡಲ್ಲೆಲ್ಲ ಹೆಸರು ಹಿಡಿದು ಕೂಗಿದಳು. ಯಾವ ಎಮ್ಮೆಯೂ ತಲೆಯೆತ್ತಲಿಲ್ಲ. "ಬದುಕಿದ್ರೂ ನನ್ನ ದನಿಗೆ ಯಾಕೆ ಬರುತ್ತೆ ಹೇಳು," ಅಂದಳು ಒಮ್ಮೆ. ಜಗಳಕ್ಕೆ ಸದಾ ಸಿದ್ಧನಿದ್ದ ಮುತಶ್ಶರ್ ಅವತ್ತು ಹುಟ್ಟು ಹಾಕಿ ದೋಣಿಯನ್ನು ಮುಂದಿನ ಹಿಂಡಿನತ್ತ ತಿರುಗಿಸಿದ.

ಮುಂದಿನ ವರ್ಷ ಇಬ್ಬರೂ ಸೇರಿ ಅಲ್ಲೇ ಚಿಕ್ಕದೊಂದು ಮನೆ ಕಟ್ಟಿಕೊಂಡರು.